ಉಳ್ಳಾಗಡ್ಡಿ ಸಿಪ್ಪೆ ಮತ್ತು ಹಲ್ಲಿನ ಸಿಮೆಂಟು

ಉಳ್ಳಾಗಡ್ಡಿಯ ಒಣಸಿಪ್ಪೆ, ದ್ರಾಕ್ಷಿ ಬೀಜ, ಚಹದ ಹಸಿರೆಲೆ. ಇಂಥವುಗಳಲ್ಲಿರುವ ಆಂಟಿಆಕ್ಸಿಡೆಂಟ್ ಸತ್ವವನ್ನು ಹಲ್ಲಿನ ಡಾಕ್ಟರು ಬಳಸುವ ಅಂಟಿನ ಜೊತೆ ಸೇರಿಸಿದರೆ, ಹುಳುಕು ಹಲ್ಲಿಗೆ ತುಂಬಿದ ಸಿಮೆಂಟು ಹೆಚ್ಚು ವರ್ಷ ನಿಲ್ಲಬಹುದು ಎಂದು ಸಂಶೋಧಕರು ಹೇಳುತ್ತಿದ್ದಾರೆ. ಸುಮಾರು ಇಪ್ಪತ್ತು ವರ್ಷಗಳಿಂದ ಈ ಕೆಲಸ ನಡೆದಿದೆ. ಅಮೆರಿಕ, ಬ್ರೆಜಿಲ್, ಚೀನಾ ಅಷ್ಟೇ ಅಲ್ಲ, ನಮ್ಮ ದೇಶದ ದಂತ ಕಾಲೇಜುಗಳಲ್ಲೂ ನಡೆದಿದೆ.

ಇಂಥ ಸುದ್ದಿ ಕಿವಿಗೆ ಬಿದ್ದರೆ ನಮ್ಮವರ ಬಾಯಿಂದ ಬರುವ ಮೊದಲ ಪ್ರಶ್ನೆ ಒಂದೇ: "ಹಂಗಾದ್ರ ಸಿಪ್ಪಿಗೆ ರೇಟ್ ಎಷ್ಟ ಸಿಗತೈತಿ?" ಕೇಳುವುದು ತಪ್ಪೇನಲ್ಲ. ಗಡ್ಡಿಗೇ ರೇಟ್ ಸಿಗದ ವರ್ಷ ಸಿಪ್ಪೆಗಾದರೂ ಸಿಗಲಿ ಅನ್ನುವುದು ರೈತನ ಸಹಜ ಆಸೆ. ಆದರೆ ಈ ವಿಷಯದಲ್ಲಿ ಆ ಪ್ರಶ್ನೆ ನಮ್ಮನ್ನು ದಾರಿ ತಪ್ಪಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಇದರಿಂದ ರೈತನಿಗೆ ಏನಾದರೂ ಸಿಗುವುದಿದ್ದರೆ ಅದು ಸಿಪ್ಪೆ ಮಾರಿದ ರೊಕ್ಕ ಅಲ್ಲ, ಬಾಯಲ್ಲಿ ಉಳಿಯುವ ಹಲ್ಲು. ಮಾರುವವರಾಗಿ ಕೇಳುವುದನ್ನು ಬಿಟ್ಟು ಹಲ್ಲಿನ ಧಣಿಗಳಾಗಿ ನಾವು ಕೇಳಬೇಕಾಗಿದೆ.

ನಾನು ದಂತವೈದ್ಯನಲ್ಲ. ಗರಗದ ಎರಿ ಹೊಲದಲ್ಲಿ ದುಡಿಯುವವನು. ಓದಿ, ಬಲ್ಲವರನ್ನು ಕೇಳಿ ತಿಳಿದದ್ದನ್ನು ನಮ್ಮ ಲೆಕ್ಕಕ್ಕೆ ಇಳಿಸಿ ಬರೆಯುತ್ತಿದ್ದೇನೆ.

ಕೀಳಿಸುವುದೇ ಅಗ್ಗ

ನಮ್ಮಂಥ ಊರಿನಲ್ಲಿ ಹಲ್ಲು ನೋವು ಬಂದರೆ ಏನು ನಡೆಯುತ್ತದೆ? ಮೊದಲು ಲವಂಗ. ಆಮೇಲೆ ಔಷಧಿ ಅಂಗಡಿಯ ನೋವಿನ ಗುಳಿಗೆ. ಮುಖ ಊದಿಕೊಂಡ ಮೇಲೆ ಧಾರವಾಡದ ಬಸ್ಸು. ಅಲ್ಲಿ ಡಾಕ್ಟರು ಎರಡು ದಾರಿ ಹೇಳುತ್ತಾರೆ: ಸ್ವಚ್ಛ ಮಾಡಿ ತುಂಬಿಸುವುದು, ಇಲ್ಲವೇ ಕೀಳುವುದು. ನಮ್ಮವರಲ್ಲಿ ಬಹಳ ಮಂದಿ ಕೀಳಿಸಿಯೇ ಬರುತ್ತಾರೆ.

ಇದನ್ನು ಅಜ್ಞಾನ ಅಂತ ಪೇಟೆಯವರು ಸಲೀಸಾಗಿ ಹೇಳಿಬಿಡುತ್ತಾರೆ. ಅಜ್ಞಾನ ಅಲ್ಲ, ಅದು ಲೆಕ್ಕ. "ತುಂಬಿಸಿದ್ದು ಬಿದ್ದು ಹೋಗತೈತಿ, ಕಿತ್ತಿದ್ದು ಮತ್ತ ನೋಯೂದಿಲ್ಲ" ಅನ್ನುತ್ತಾರೆ ಹಿರಿಯರು. ಈ ಮಾತಿನಲ್ಲಿ ಹುರುಳಿದೆ. ಕೀಳಿಸಿದರೆ ಒಂದು ದಿನ ಹೋಯಿತು. ತುಂಬಿಸಿದರೆ ಆ ದಿನವೂ ಹೋಯಿತು, ಎರಡು-ಮೂರು ವರ್ಷಕ್ಕೆ ಅದು ಎದ್ದು ಬಂದರೆ ಮತ್ತೊಂದು ದಿನ ಹೋಯಿತು. ಸುಗ್ಗಿಯಲ್ಲಿ ಒಂದು ದಿನ ಅಂದರೆ ಕೂಲಿ, ಬಸ್ ಚಾರ್ಜು, ಡಾಕ್ಟರ ಫೀ ಮೂರೂ ಸೇರಿತು. ಬಿದ್ದದ್ದನ್ನು ಮತ್ತೆ ತುಂಬಿಸುವಾಗ ಹಲ್ಲನ್ನು ಇನ್ನಷ್ಟು ಕೊರೆಯಬೇಕು. ಕೊನೆಗೆ ಅದನ್ನೂ ಕೀಳುವುದೇ.

ನಮ್ಮ ಮನೆಯಲ್ಲೇ ದವಡೆ ಹಲ್ಲಿಗೆ ತುಂಬಿಸಿದ ಬಿಳಿ ಸಿಮೆಂಟು ಎರಡನೇ ವರ್ಷ ಕಡಕ್ ರೊಟ್ಟಿ ಕಡಿಯುವಾಗ ಎದ್ದು ಬಂತು. ತುಂಬಿದವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರು ಮಾಡುವಷ್ಟು ಮಾಡಿದ್ದರು. ಆದರೆ ನಮ್ಮ ಊಟ ನೋಡ್ರಿ. ಕಡಕ್ ಜೋಳದ ರೊಟ್ಟಿ, ಹುರಿದ ಶೇಂಗಾ, ಪುಠಾಣಿ, ಹಸಿ ಗಜ್ಜರಿ. ದವಡೆ ಹಲ್ಲು ಹೋದವನು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗಬೇಕು. ಹೊಲದಲ್ಲಿ ದುಡಿಯುವ ಮೈಗೆ ಅದು ಸಣ್ಣ ಮಾತಲ್ಲ.

ಸರಕಾರ ಬಿಪಿಎಲ್ ಕುಟುಂಬದ ವಯಸ್ಸಾದವರಿಗೆ ದಂತಭಾಗ್ಯ ಯೋಜನೆಯಲ್ಲಿ ಹಲ್ಲಿನ ಸೆಟ್ಟು ಕೊಡಿಸುವ ವ್ಯವಸ್ಥೆ ಮಾಡಿತು. ಒಳ್ಳೆಯದೇ. ಆದರೆ ಅದು ಹಲ್ಲು ಹೋದ ಮೇಲಿನ ಮಾತು. ಇದ್ದ ಹಲ್ಲು ಉಳಿಯಬೇಕಾದರೆ ತುಂಬಿಸಿದ್ದು ನಿಲ್ಲಬೇಕು.

ಹಿಂದೆ ಬೆಳ್ಳಿ ಬಣ್ಣದ ಸಿಮೆಂಟು ತುಂಬುತ್ತಿದ್ದರು. ಪಾದರಸಕ್ಕೆ ಬೆಳ್ಳಿ, ತವರ, ತಾಮ್ರದ ಪುಡಿ ಕಲಸಿದ್ದು. ಅದಕ್ಕೆ ಅಂಟು ಬೇಕಿರಲಿಲ್ಲ. ತೂತಿನ ಬಾಯಿ ಸಣ್ಣದು, ಒಳಗೆ ಅಗಲ ಮಾಡಿ ಬಡಿದು ತುಂಬಿದರೆ ಹಗೇವಿನೊಳಗಿನ ಜೋಳದ ಹಾಗೆ ಕೂಡುತ್ತಿತ್ತು. ಆದರೆ ಪಾದರಸ ವಿಷ. 2013ರಲ್ಲಿ ಆದ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು, 2018ರಲ್ಲಿ ಭಾರತವೂ ಅದಕ್ಕೆ ಸೇರಿತು. ಹಲ್ಲಿಗೆ ಪಾದರಸ ಬಳಸುವುದನ್ನು ಹಂತಹಂತವಾಗಿ ಇಳಿಸಬೇಕು ಎಂಬುದು ಅದರಲ್ಲಿದೆ. ಈಗ ಎಲ್ಲೆಡೆ ಹಲ್ಲಿನ ಬಣ್ಣದ ಕಾಂಪೊಸಿಟ್ ಬಂದಿದೆ. ನೋಡಲು ಚೆಂದ. ಆದರೆ ಅದರ ಹಿಡಿತವೆಲ್ಲ ಕೆಳಗಿನ ತೆಳ್ಳನೆಯ ಅಂಟಿನ ಮೇಲೆ. ಹೀಗಾಗಿ ಅಂಟಿನ ಬಾಳಿಕೆ ಬಡವನ ಪ್ರಶ್ನೆ ಆಗಿದೆ.

ಅಂಟು ಹಿಡಿಯುವ ಬಗೆ

1955ರಲ್ಲಿ ಅಮೆರಿಕದ ರಾಚೆಸ್ಟರ್ ಊರಿನ ಮೈಕೆಲ್ ಬ್ಯುನೊಕೋರ್ ಎಂಬ ದಂತವೈದ್ಯರು ಒಂದು ಉಪಾಯ ಕಂಡರು. ಕಾರಖಾನೆಗಳಲ್ಲಿ ಕಬ್ಬಿಣಕ್ಕೆ ಬಣ್ಣ ಹಿಡಿಯಲಿ ಎಂದು ಮೊದಲು ಫಾಸ್ಫಾರಿಕ್ ಆಮ್ಲ ಸವರುತ್ತಿದ್ದರು. ಅದನ್ನೇ ಹಲ್ಲಿನ ಮೇಲ್ಪದರಕ್ಕೆ ಸವರಿ ನೋಡಿದರು. ಮೇಲ್ಮೈ ಒರಟಾಗಿ ಅಂಟು ಗಟ್ಟಿಯಾಗಿ ಹಿಡಿಯಿತು. ಮೇಲ್ಪದರ ಎನಾಮಲ್ ನೂರಕ್ಕೆ 96 ಪಾಲು ಖನಿಜ, ಕಲ್ಲಿನ ಹಾಗೆ. ಅಲ್ಲಿ ಅಂಟಿನ ತಕರಾರು ಕಮ್ಮಿ.

ತಕರಾರು ಇರುವುದು ಅದರ ಕೆಳಗಿನ ಡೆಂಟಿನ್ ಪದರದಲ್ಲಿ. ಅದು ತೂಕದಲ್ಲಿ ಸುಮಾರು 70 ಪಾಲು ಖನಿಜ, 20 ಪಾಲು ಮುಖ್ಯವಾಗಿ ಕೊಲಾಜೆನ್ ಎಂಬ ನಾರು, ಉಳಿದದ್ದು ನೀರು. ಆಮ್ಲ ಸವರಿದರೆ ಮೇಲಿನ ಖನಿಜ ಕರಗಿ ಬರೀ ನಾರಿನ ಜಾಳಿಗೆ ಉಳಿಯುತ್ತದೆ. ದ್ರವರೂಪದ ಅಂಟು ಆ ಜಾಳಿಗೆಯೊಳಗೆ ಇಳಿದು ಗಟ್ಟಿಯಾಗಬೇಕು. ಹೀಗೆ ನಾರು ಮತ್ತು ಅಂಟು ಕೂಡಿ ಒಂದು ಮಿಶ್ರ ಪದರ ಆಗುತ್ತದೆ ಎಂದು 1982ರಲ್ಲಿ ಜಪಾನಿನ ನಕಬಯಾಶಿ ತೋರಿಸಿಕೊಟ್ಟರು.

ನಮ್ಮೂರು ರಾಷ್ಟ್ರಧ್ವಜದ ಖಾದಿಗೆ ಹೆಸರಾದದ್ದು. ನೂಲಿಗೆ ಗಂಜಿ ಕುಡಿಸುವುದನ್ನು ನೋಡಿದವರಿಗೆ ಈ ಮಾತು ಕೂಡಲೇ ತಿಳಿಯುತ್ತದೆ. ಗಂಜಿ ಎಲ್ಲ ಎಳೆಗೂ ತಲುಪಬೇಕು. ತಲುಪದ ಎಳೆ ಮಗ್ಗದ ಮೇಲೆ ಮೊದಲು ಹರಿಯುತ್ತದೆ. ಹಲ್ಲಿನಲ್ಲೂ ಹಾಗೇ. ಅಂಟು ತಲುಪದ ನಾರು ಅಲ್ಲಲ್ಲಿ ಬತ್ತಲೆ ಉಳಿಯುತ್ತದೆ.

ಆ ಬತ್ತಲೆ ನಾರನ್ನು ತಿನ್ನುವವರು ಯಾರು? ಹೊರಗಿನ ಹುಳವಲ್ಲ, ನಮ್ಮ ಹಲ್ಲಿನೊಳಗೇ ಇರುವ ಕಿಣ್ವಗಳು. ಹಲ್ಲು ಬೆಳೆಯುವ ಕಾಲಕ್ಕೆ ಬೇಕಾಗಿದ್ದ ಇವು ಆಮೇಲೆ ಡೆಂಟಿನ್‌ನೊಳಗೆ ಸುಮ್ಮನೆ ಮಲಗಿರುತ್ತವೆ. ಅಂಟಿಗೆಂದು ಸವರಿದ ಆಮ್ಲ ಇವುಗಳನ್ನು ಎಬ್ಬಿಸುತ್ತದೆ. ಎದ್ದವು ಒಂದೊಂದೇ ಎಳೆ ಕರಗಿಸುತ್ತವೆ. 2004ರ ಹೊತ್ತಿಗೆ ಇದು ಸ್ಪಷ್ಟವಾಯಿತು. ಬಣವಿಯ ಬುಡಕ್ಕೆ ಗೆದ್ದಲು ಹತ್ತಿದ ಹಾಗೆ: ಮೇಲೆ ನೋಡಿದರೆ ಎಲ್ಲ ಸರಿ, ಒಂದು ದಿನ ಒಮ್ಮೆಲೇ ಕುಸಿಯುತ್ತದೆ.

ತೊಗಲು ಹದ ಮಾಡುವ ವಿದ್ಯೆ

ಇಲ್ಲಿ ಗಿಡದ ಸತ್ವ ಬರುತ್ತದೆ. ಈ ವಿದ್ಯೆ ನಮಗೆ ಹೊಸದಲ್ಲ ಅನ್ನುವುದೇ ಮಜಾ.

ಹಸಿ ತೊಗಲು ಎರಡು ದಿನಕ್ಕೆ ಕೊಳೆಯುತ್ತದೆ. ಅದನ್ನೇ ಜಾಲಿ ತೊಗಟೆ, ತಂಗಡಿ ತೊಗಟೆ ಅಥವಾ ಅಳಲೆಕಾಯಿಯ ನೀರಿನಲ್ಲಿ ನೆನೆಸಿಟ್ಟರೆ ವರ್ಷಗಟ್ಟಲೆ ಬಾಳುವ ಚರ್ಮ ಆಗುತ್ತದೆ. ಮಿಣಿ, ಬಾರುಕೋಲು, ಕಾಲಿನ ಮೆಟ್ಟು ಎಲ್ಲ ಹೀಗೇ ಹದವಾದ ಚರ್ಮದ್ದು. ಕಾರಣ, ತೊಗಟೆಯಲ್ಲಿರುವ ಟ್ಯಾನಿನ್. ನಾಲಿಗೆಗೆ ಒಗರಾಗಿ ಹತ್ತುವುದು ಅದೇ. ತೊಗಲು ಸಹ ಕೊಲಾಜೆನ್ ನಾರು. ಟ್ಯಾನಿನ್ ಒಂದು ಎಳೆಯನ್ನು ಇನ್ನೊಂದಕ್ಕೆ ಅಡ್ಡಡ್ಡ ಕಟ್ಟುತ್ತದೆ. ಹಾಗೆ ಕಟ್ಟಿದ ನಾರನ್ನು ಕೊಳೆಸುವ ಕಿಣ್ವಕ್ಕೆ ಕರಗಿಸಲು ಬಾರದು.

ಹಲ್ಲಿನ ಸಂಶೋಧಕರು ಮಾಡುತ್ತಿರುವುದೂ ಇದೇ. ಸಿಮೆಂಟು ತುಂಬುವ ಮೊದಲು ಬತ್ತಲೆಯಾದ ನಾರಿನ ಜಾಳಿಗೆಯನ್ನು ತೊಗಲಿನ ಹಾಗೆ ಹದ ಮಾಡುವುದು. ಚಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆನಾ ಬೆಡ್ರಾನ್-ರೂಸೋ ಮತ್ತು ಸಂಗಡಿಗರು 2007ರಿಂದೀಚೆಗೆ ದ್ರಾಕ್ಷಿ ಬೀಜದ ಸತ್ವವನ್ನು ಹೀಗೆ ಪರೀಕ್ಷಿಸಿದರು. ಸತ್ವ ಕುಡಿದ ಡೆಂಟಿನ್ ಎಳೆತಕ್ಕೆ ಹೆಚ್ಚು ತಡೆಯಿತು. ಹಸಿರು ಚಹದ ಕ್ಯಾಟೆಚಿನ್ ಆ ಕಿಣ್ವಗಳನ್ನೇ ಸುಮ್ಮನಿರಿಸುತ್ತದೆ ಎಂದು ಬೇರೆಯವರು ಕಂಡರು. 2017ರಲ್ಲಿ ಚೀನಾದ ಸಂಶೋಧಕರು ಕ್ವೆರ್ಸೆಟಿನ್ ಎಂಬುದನ್ನು ನೇರ ಅಂಟಿಗೇ ಬೆರೆಸಿ ನೋಡಿದರು. ಈ ಕ್ವೆರ್ಸೆಟಿನ್ ಹೇರಳವಾಗಿ ಇರುವುದು ಎಲ್ಲಿ? ನಾವು ಉಳ್ಳಾಗಡ್ಡಿ ಹಸನು ಮಾಡಿ ಗಾಳಿಗೆ ತೂರುವ ಒಣಸಿಪ್ಪೆಯಲ್ಲಿ.

ಮುಂಡರಗಿ ಕಡೆಯ ಹಲ್ಲು

ಇನ್ನೊಂದು ಉಪಯೋಗ ಇದೆ, ಅದು ನಮ್ಮ ಪಕ್ಕದ ಜಿಲ್ಲೆಗೆ ಸಂಬಂಧಿಸಿದ್ದು. ಗದಗ ಜಿಲ್ಲೆಯ ಮುಂಡರಗಿ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ. ಮದುವೆ ವಯಸ್ಸಿಗೆ ಬಂದವರು ಬಾಯಿ ಬಿಟ್ಟು ನಗುವುದಿಲ್ಲ.

ಕಲೆ ತೆಗೆಯಲು ಡಾಕ್ಟರು ಪೆರಾಕ್ಸೈಡ್ ಹಚ್ಚಿ ಬ್ಲೀಚ್ ಮಾಡುತ್ತಾರೆ. ಬ್ಲೀಚ್ ಆದ ಕೂಡಲೇ ಅದರ ಮೇಲೆ ಅಂಟಿನ ಕೆಲಸ ಮಾಡಿದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಹಲ್ಲಿನೊಳಗೆ ಉಳಿದ ಆಮ್ಲಜನಕ ಅಂಟನ್ನು ಗಟ್ಟಿಯಾಗಲು ಬಿಡುವುದಿಲ್ಲ. ಅದಕ್ಕೆ ವಾರಗಟ್ಟಲೆ ಕಾಯಲು ಹೇಳುತ್ತಾರೆ, ಅಂದರೆ ಮತ್ತೊಂದು ಬಸ್ಸು, ಮತ್ತೊಂದು ದಿನದ ಕೂಲಿ. ಆಂಟಿಆಕ್ಸಿಡೆಂಟ್ ಎಂಬ ಹೆಸರಿಗೆ ತಕ್ಕ ಕೆಲಸ ಇಲ್ಲಿದೆ. ಉಳಿದ ಆಮ್ಲಜನಕವನ್ನು ಅದು ಹಿಡಿದು ಹಾಕುತ್ತದೆ. ಸಿ ಜೀವಸತ್ವದ ಲವಣವನ್ನು ಹೀಗೆ ಬಳಸುವುದು ಮೊದಲೇ ಗೊತ್ತಿತ್ತು. 2011ರಲ್ಲಿ ಚೆನ್ನೈನ ಸಂಶೋಧಕರು ನೂರಕ್ಕೆ 5ರ ದ್ರಾಕ್ಷಿ ಬೀಜದ ಸತ್ವ ಹಚ್ಚಿ ನೋಡಿದರು. ನೂರಕ್ಕೆ 10ರ ಸಿ ಜೀವಸತ್ವದ ಲವಣಕ್ಕಿಂತ ಅದೇ ಹೆಚ್ಚು ಫಲ ಕೊಟ್ಟಿತು. ನಮ್ಮ ನೆರೆರಾಜ್ಯದಲ್ಲೇ ನಡೆದ ಕೆಲಸ ಇದು.

ಹೆಚ್ಚಾದರೆ ಅಂಟಿಗೇ ವೈರಿ

ಇಷ್ಟೆಲ್ಲ ಒಳ್ಳೆಯದಿದ್ದರೆ ನಾಳೆಯೇ ಎಲ್ಲ ದವಾಖಾನೆಗೂ ಯಾಕೆ ಬರಬಾರದು? ತೊಡಕು ಇದೆ, ಅದನ್ನೂ ಹೇಳಬೇಕು.

ಹಲ್ಲಿನ ಅಂಟು ನೀಲಿ ಬೆಳಕು ಬಿದ್ದಾಗ ಗಟ್ಟಿಯಾಗುತ್ತದೆ. ಬೆಳಕು ಬಿದ್ದ ಕೂಡಲೇ ಅದರೊಳಗೆ ಫ್ರೀ ರ‍್ಯಾಡಿಕಲ್ ಎಂಬ ಚುರುಕು ಕಣಗಳು ಹುಟ್ಟಿ ಕೊಂಡಿಗೆ ಕೊಂಡಿ ಸೇರಿಸುತ್ತಾ ಹೋಗುತ್ತವೆ. ಆಂಟಿಆಕ್ಸಿಡೆಂಟಿನ ಜಾತಿಗುಣವೇ ಇಂಥ ಕಣಗಳನ್ನು ಹಿಡಿದು ತಣ್ಣಗೆ ಮಾಡುವುದು. ಅಂದಮೇಲೆ ಅಂಟಿಗೆ ಅದನ್ನು ಜಾಸ್ತಿ ಬೆರೆಸಿದರೆ ಅಂಟೇ ಗಟ್ಟಿಯಾಗುವುದಿಲ್ಲ. ನಾರು ಉಳಿಸಲು ಹೋಗಿ ಅಂಟು ಕೆಡಿಸಿದ ಹಾಗೆ. ಯೂರಿಯಾ ಹೆಚ್ಚಾಗಿ ಬೆಳೆ ಸುಟ್ಟದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಬಹಳ ಮಂದಿ ಅಂಟಿಗೆ ಬೆರೆಸುವ ಬದಲು, ಅಂಟಿಗೆ ಮೊದಲು ಬೇರೆಯಾಗಿ ಸವರಿ ನೋಡುತ್ತಾರೆ.

ಎರಡನೆಯದು ಬಣ್ಣ. ದ್ರಾಕ್ಷಿ ಬೀಜದ ಸತ್ವ ಕಂದು. ಮುಂದಿನ ಹಲ್ಲಿಗೆ ಹಚ್ಚಿದರೆ ಕಲೆ ಕಾಣಬಹುದು.

ಮೂರನೆಯದು ಹೊತ್ತು. ಮೊದಮೊದಲ ಪ್ರಯೋಗಗಳಲ್ಲಿ ಹತ್ತು ನಿಮಿಷದಿಂದ ಗಂಟೆಗಟ್ಟಲೆ ನೆನೆಸಿಟ್ಟರು. ತೊಗಲನ್ನು ದಿನಗಟ್ಟಲೆ ನೆನೆಸಬಹುದು, ಬಾಯಿ ತೆರೆದುಕೊಂಡು ಕೂತ ಮನುಷ್ಯನನ್ನು ನೆನೆಸಿಡಲು ಬರುವುದಿಲ್ಲವಲ್ಲ! ಈಗ ಒಂದು ನಿಮಿಷದೊಳಗೆ ಕೆಲಸ ಮುಗಿಸುವ ದಾರಿ ಹುಡುಕುತ್ತಿದ್ದಾರೆ.

ನಾಲ್ಕನೆಯದೇ ದೊಡ್ಡದು. ಈ ಕೆಲಸದ ಬಹುಪಾಲು ನಡೆದಿರುವುದು ಕಿತ್ತ ಹಲ್ಲಿನ ಮೇಲೆ. ಹಲ್ಲಿಗೆ ಸಿಮೆಂಟು ಅಂಟಿಸಿ, ಸಣ್ಣ ತುಂಡು ಮಾಡಿ, ಆರು ತಿಂಗಳೋ ವರ್ಷವೋ ನೀರಿನಲ್ಲಿಟ್ಟು, ಮಷೀನಿನಿಂದ ಎಳೆದು ನೋಡುತ್ತಾರೆ. ಜೀವಂತ ಬಾಯಿಯಲ್ಲಿ ಬಿಸಿ ಚಹ, ತಣ್ಣೀರು, ಜಗಿಯುವ ಒತ್ತಡ, ಜೊಲ್ಲು ಎಲ್ಲ ಇರುತ್ತದೆ. ಪ್ರಯೋಗಶಾಲೆಯ ಕುಂಡದಲ್ಲಿ ಬಂದ ಬೆಳೆ ಮಳೆಯಾಶ್ರಿತ ಹೊಲದಲ್ಲಿ ಹಾಗೇ ಬರುತ್ತದೆಂದು ನಾವು ನಂಬುತ್ತೇವೆಯೇ? ಇಲ್ಲ. ಇಲ್ಲೂ ಹಾಗೇ.

ಸಿಪ್ಪೆಯ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ರೇಟ್ ಎಷ್ಟು ಸಿಗತೈತಿ? ಲೆಕ್ಕ ಮಾಡಿಯೇ ನೋಡ್ರಿ.

ಅಂಟಿಗೆ ಕ್ವೆರ್ಸೆಟಿನ್ ಬೆರೆಸಿದವರು ಒಂದು ಮಿಲಿಲೀಟರಿಗೆ ಹೆಚ್ಚೆಂದರೆ 1000 ಮೈಕ್ರೋಗ್ರಾಂ ಹಾಕಿದ್ದಾರೆ, ಅಂದರೆ ಒಂದು ಮಿಲಿಗ್ರಾಂ. ಒಂದು ಹಲ್ಲಿಗೆ ಒಂದು ಹನಿ ಅಂಟು. ಒಂದು ಹನಿ 0.03 ಮಿಲಿಲೀಟರ್ ಎಂದು ಹಿಡಿಯೋಣ. ಒಂದು ಹಲ್ಲಿಗೆ ಬೇಕಾದ ಕ್ವೆರ್ಸೆಟಿನ್ 0.03 ಮಿಲಿಗ್ರಾಂ. ಒಂದು ಗ್ರಾಂ ಇದ್ದರೆ 33 ಸಾವಿರ ಹಲ್ಲು. ಒಂದು ಕಿಲೋ ಇದ್ದರೆ 3 ಕೋಟಿ 33 ಲಕ್ಷ ಹಲ್ಲು.

ಒಣಸಿಪ್ಪೆಯಲ್ಲಿ ನೂರಕ್ಕೆ ಒಂದೇ ಪಾಲು ಸಿಗುತ್ತದೆ ಎಂದು ಕಮ್ಮಿಯೇ ಹಿಡಿದರೂ, ಎರಡು ಕ್ವಿಂಟಲ್ ಸಿಪ್ಪೆಗೆ ಎರಡು ಕಿಲೋ ಕ್ವೆರ್ಸೆಟಿನ್. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಕೂಸು ಮುದುಕರೆನ್ನದೆ ಅವರೆಲ್ಲರ ತಲಾ ಒಂದು ಹಲ್ಲಿಗೆ ಹಚ್ಚಿದರೂ ಎರಡು ಕ್ವಿಂಟಲ್ ಸಿಪ್ಪೆ ಸಾಕು! ಅರ್ಧಕ್ಕರ್ಧ ಹಾಳಾಯಿತು ಅನ್ನಿ, ನಾಲ್ಕು ಕ್ವಿಂಟಲ್. ಸಂತೆಯ ದಿನ ಒಂದು ಟೆಂಪೋ ತುಂಬುವುದಿಲ್ಲ.

ದ್ರಾಕ್ಷಿ ಬೀಜಕ್ಕೆ ಬರ್ರಿ. ಇದನ್ನು ನೂರಕ್ಕೆ ಹತ್ತರಷ್ಟು ಗಟ್ಟಿಯಾಗಿ ಕಲಸಿ ಸವರುತ್ತಾರೆಂದು ಹಿಡಿದರೆ ಒಂದು ಹನಿಗೆ ಮೂರು ಮಿಲಿಗ್ರಾಂ ಬೇಕು. ರಾಜ್ಯದ ಎಲ್ಲರ ಒಂದೊಂದು ಹಲ್ಲಿಗೆ ಸುಮಾರು 183 ಕಿಲೋ ಸತ್ವ. ನೂರು ಕಿಲೋ ಬೀಜಕ್ಕೆ ಐದು ಕಿಲೋ ಸತ್ವ ಬರುತ್ತದೆ ಎಂದು ಹಿಡಿದರೂ ನಾಲ್ಕು ಟನ್ನಿನೊಳಗೆ ಮುಗಿಯಿತು. ಅದರಲ್ಲೂ ವಿಜಯಪುರದ ನಮ್ಮ ದ್ರಾಕ್ಷಿ ಬೆಳೆಗಾರರು ಹೆಚ್ಚಾಗಿ ಬೆಳೆಯುವುದು ಥಾಮ್ಸನ್ ಮತ್ತು ಅದರ ಬಳಗದ ಬೀಜವಿಲ್ಲದ ತಳಿ. ಮಣೂಕಿಗೆ ಬೇಕಾದದ್ದೇ ಅದು. ಬೀಜ ಬರುವುದು ವೈನ್ ಮತ್ತು ರಸದ ಕಾರಖಾನೆಗಳ ಹಿಂಡಿಯಲ್ಲಿ. ಅಲ್ಲಿ ಬೀಜದ ಧಣಿ ರೈತನಲ್ಲ, ಕಾರಖಾನೆಯವನು.

ಹನಿಯ ಗಾತ್ರ, ಸತ್ವದ ಪ್ರಮಾಣ ಆಚೀಚೆ ಆಗಬಹುದು. ಹತ್ತು ಪಟ್ಟು ತಪ್ಪಿದರೂ ಫಲಿತಾಂಶ ಬದಲಾಗುವುದಿಲ್ಲ. ಹಲ್ಲಿನ ಅಂಟಿನಿಂದ ಯಾವ ಬೆಳೆಗೂ ರೇಟ್ ಏರುವುದಿಲ್ಲ.

ವೆನಿಲಾ ನೆನಪಿರಲಿ

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. "ವಿದೇಶದಲ್ಲಿ ಔಷಧಿಗೆ ಹೋಗುತ್ತದೆ" ಅನ್ನುವ ಒಂದು ಮಾತಿನ ಮೇಲೆ ನಮ್ಮ ರೈತರು ಎಷ್ಟು ಸಲ ಸಾಲ ಮಾಡಿಲ್ಲ? ಬಿಳಿ ಮುಸಲಿ, ಲೋಳೆಸರ, ಜತ್ರೋಪ. ಎಲ್ಲಕ್ಕಿಂತ ದೊಡ್ಡ ಪಾಠ ವೆನಿಲಾದ್ದು. 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಆಗಿ, ಮಲೆನಾಡು-ಕರಾವಳಿಯ ತೋಟಗಳಲ್ಲಿ ರಾತ್ರಿ ಕಾವಲು ಕೂಡುವ ಕಾಲ ಬಂತು. ಬಳ್ಳಿಯ ತುಂಡಿಗೂ ರೇಟ್ ಬಂತು. 2004ರ ನಂತರ ಎಲ್ಲ ಕುಸಿಯಿತು. ಜಗತ್ತಿಗೆ ಬೇಕಾದದ್ದೇ ಸ್ವಲ್ಪ ಆಗಿರುವ ಪದಾರ್ಥದ ಹಣೆಬರಹ ಅದು. ಕೊರತೆಯಾದರೆ ಆಕಾಶ, ಸ್ವಲ್ಪ ಹೆಚ್ಚಾದರೆ ಪಾತಾಳ.

ಹಲ್ಲಿನ ಅಂಟಿಗೆ ಬೇಕಾದದ್ದು ಅದಕ್ಕಿಂತ ಸಾವಿರ ಪಾಲು ಕಮ್ಮಿ. ನಾಳೆ ಯಾರಾದರೂ ಬಣ್ಣದ ಪುಸ್ತಿಕೆ ಹಿಡಿದುಕೊಂಡು "ದಂತ ಕಂಪನಿಗೆ ಸಪ್ಲೈ, ಬೈಬ್ಯಾಕ್ ಗ್ಯಾರಂಟಿ, ಎಕರೆಗೆ ಇಷ್ಟು ಡಿಪಾಜಿಟ್" ಅಂತ ಬಂದರೆ ಮೇಲಿನ ಎರಡು ಕ್ವಿಂಟಲ್ ಲೆಕ್ಕ ತೋರಿಸಿ ಕಳಿಸಿರಿ. ಬದುವಿನ ಮೇಲಿನ ಜಾಲಿ ತೊಗಟೆ ಸುಲಿಯುವ ಗೊಡವೆಯೂ ಬೇಡ. ಸುತ್ತಲೂ ತೊಗಟೆ ಸುಲಿದ ಗಿಡ ಒಣಗಿ ಹೋಗುತ್ತದೆ. ನೆರಳು, ಕುಂಟಿ-ನೇಗಿಲಿನ ಕಟ್ಟಿಗೆ, ಕುರಿಗೆ ಕಾಯಿ ಕೊಡುವ ಗಿಡ ಅದು.

ಗಿಡದ್ದು ಅಂದಮಾತ್ರಕ್ಕೆ ಒಳ್ಳೆಯದಲ್ಲ

ಇನ್ನೊಂದು ಕಡೆಯಿಂದಲೂ ಮೋಸ ಬರಬಹುದು. "ಆಂಟಿಆಕ್ಸಿಡೆಂಟ್ ಇದೆ, ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಅಂತ ಜಾತ್ರೆಯಲ್ಲಿ ಹಲ್ಲಿನ ಪುಡಿ ಮಾರುವವರಿಗೆ ಈ ಸುದ್ದಿ ಒಳ್ಳೆಯ ಬಂಡವಾಳ.

ಅಡಿಕೆಯ ಉದಾಹರಣೆ ಕೊಡುತ್ತೇನೆ. ಬೆಳೆಗಾರ ಮಿತ್ರರು ಬೇಸರ ಮಾಡಿಕೊಳ್ಳಬಾರದು. ದ್ರಾಕ್ಷಿ ಬೀಜದಲ್ಲಿರುವ ಕುಲದ ಒಗರು ಪದಾರ್ಥಗಳೇ ಅಡಿಕೆಯಲ್ಲೂ ಹೇರಳ. ಅವೂ ಕೊಲಾಜೆನ್ ನಾರನ್ನು ಬಿಗಿಯುತ್ತವೆ. ಆದರೆ ಎಲ್ಲಿ? ಕೆನ್ನೆಯ ಒಳಗೆ. ದಿನವಿಡೀ ಅಡಿಕೆ ಜಗಿಯುವವರ ಕೆನ್ನೆಯಲ್ಲಿ ಅಡಿಕೆಯ ಅರೆಕೋಲಿನ್ ನಾರನ್ನು ಹೆಚ್ಚಾಗಿ ಬೆಳೆಸುತ್ತದೆ. ಒಗರಿನ ಪದಾರ್ಥ ಆ ನಾರು ಕರಗದಂತೆ ಮಾಡುತ್ತದೆ. ಕೊನೆಗೆ ಬಾಯಿ ಬಿಗಿದು ಎರಡು ಬೆರಳೂ ಹೋಗದಂತಾಗುತ್ತದೆ. ಅಡಿಕೆ ಕ್ಯಾನ್ಸರಿಗೂ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೇಳಿತು.

ಅದೇ ಗುಣ, ಹಲ್ಲಿನ ತೂತಿನಲ್ಲಿ ಒಂದು ಹನಿಯಾದರೆ ಔಷಧಿ, ಕೆನ್ನೆಯಲ್ಲಿ ದಿನವಿಡೀ ಇದ್ದರೆ ರೋಗ. ಎಷ್ಟು, ಎಲ್ಲಿ, ಎಷ್ಟು ಹೊತ್ತು ಅನ್ನುವುದೇ ಮುಖ್ಯ. ಹಾಗಾಗಿ ಈ ಸುದ್ದಿ ಓದಿ ಯಾರೂ ಹುಳುಕು ಹಲ್ಲಿಗೆ ಉಳ್ಳಾಗಡ್ಡಿ ಸಿಪ್ಪೆ ಅರೆದು ತುಂಬಬಾರದು. ತೂತಿನ ಹಲ್ಲು ಅದರಿಂದ ಸರಿಹೋಗುವುದಿಲ್ಲ.

ನಾವು ಕೇಳಬೇಕಾದದ್ದು

ಹಾಗಾದರೆ ನಮಗೆ ಇದರಲ್ಲಿ ಏನೂ ಇಲ್ಲವೇ? ಇದೆ. ಆದರೆ ಕೇಳಿ ಪಡೆಯಬೇಕು.

ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಪ್ರಯೋಗಕ್ಕೆ ಬಳಸುವ ಕಿತ್ತ ಹಲ್ಲು ಇಂಥ ಕಾಲೇಜುಗಳ ದವಾಖಾನೆಗಳಲ್ಲಿ ಸಿಗುತ್ತವೆ. ಅವುಗಳಲ್ಲಿ ನಮ್ಮಂಥವರ ಹಲ್ಲೂ ಇರುತ್ತವೆ. ತುಂಬಿಸಲು ಧೈರ್ಯ ಸಾಲದೆ ಕೀಳಿಸಿ ಬಂದವರ ಹಲ್ಲು ಅವು. ಆ ಹಲ್ಲಿನಿಂದ ಕಲಿತ ವಿದ್ಯೆ ನಮ್ಮ ಬಾಯಿಗೆ ವಾಪಸ್ ಬರಬೇಕು ಅನ್ನುವುದು ನ್ಯಾಯ.

ನಮ್ಮ ಧಾರವಾಡದ ಮಟ್ಟಿಗೆ ಹೇಳುವುದಾದರೆ, ಕೃಷಿ ವಿಶ್ವವಿದ್ಯಾಲಯವೂ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜೂ ಹುಟ್ಟಿದ್ದು ಒಂದೇ ವರ್ಷ, 1986ರಲ್ಲಿ. ಒಬ್ಬರಿಗೆ ಸಿಪ್ಪೆ, ಬೀಜ, ತೊಗಟೆಯ ವಿಷಯ ಗೊತ್ತು. ಇನ್ನೊಬ್ಬರಿಗೆ ಹಲ್ಲು ಗೊತ್ತು. ಇಂಥ ಎರಡು ಸಂಸ್ಥೆಗಳು ಒಂದೇ ರಸ್ತೆಯ ಮೇಲೆ ಇರುವಾಗ, ದಾಳಿಂಬೆ ಸಿಪ್ಪೆ, ಉಳ್ಳಾಗಡ್ಡಿ ಸಿಪ್ಪೆ, ಜಾಲಿ ತೊಗಟೆ ಇವುಗಳಲ್ಲಿ ಯಾವುದು ಹಲ್ಲಿನ ನಾರಿಗೆ ತಕ್ಕದ್ದು ಎಂದು ಕೂಡಿ ನೋಡಬಾರದೇಕೆ? ನಮ್ಮ ಬೆಳೆಗೆ ರೇಟ್ ಬರಲಿ ಅಂತಲ್ಲ. ಅಗ್ಗದ ಕಚ್ಚಾ ಪದಾರ್ಥದಿಂದ ಇಲ್ಲಿಯೇ ತಯಾರಾದರೆ ಆ ಒಂದು ಹನಿಗೆ ಹೊರದೇಶದ ಬಾಟಲಿಯ ರೇಟ್ ಕೊಡುವುದು ತಪ್ಪುತ್ತದೆ.

ಎರಡನೆಯ ಬೇಡಿಕೆ ಇನ್ನೂ ಮುಖ್ಯ. ದಂತ ಕಾಲೇಜಿನಲ್ಲಿ ಮೇಲಿನ ಪದವಿ ಓದುವ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆಯಬೇಕು. ಅದರಲ್ಲಿ ಕೆಲವರಾದರೂ ಕಿತ್ತ ಹಲ್ಲು ಬಿಟ್ಟು ಹಳ್ಳಿಯ ಬಾಯಿ ನೋಡಲಿ. ಒಂದು ಊರಿನಲ್ಲಿ ಇಂತಿಷ್ಟು ಮಂದಿಗೆ ತುಂಬಿಸಿ, ವರ್ಷಕ್ಕೊಮ್ಮೆ ಬಂದು ಎಷ್ಟು ನಿಂತಿವೆ, ಎಷ್ಟು ಬಿದ್ದಿವೆ ಬರೆದಿಡಲಿ. ಒಬ್ಬರು ಓದು ಮುಗಿಸಿ ಹೋದರೆ ಮುಂದಿನವರು ಅದೇ ಪಟ್ಟಿ ಹಿಡಿದು ಬರಲಿ. ರೊಟ್ಟಿ ಕಡಿಯುವ, ಎಲೆಯಡಿಕೆ ಹಾಕುವ ಬಾಯಿಯಲ್ಲಿ ಐದು ವರ್ಷ ನಿಂತ ಅಂಟೇ ನಮಗೆ ಬೇಕಾದ ಅಂಟು. ಬೀಜದ ಕಂಪನಿಗೆ ನಾವು ರೈತರ ಹೊಲದಲ್ಲಿ ತೋರಿಸು ಅನ್ನುವುದಿಲ್ಲವೇ? ಹಾಗೇ ಇದು.

ಅಲ್ಲಿಯ ತನಕ ನಮ್ಮ ಕೈಯಲ್ಲಿ ಇರುವುದನ್ನು ಮಾಡಬಹುದು. ತೂತು ಸಣ್ಣದಿದ್ದಾಗಲೇ ತುಂಬಿಸಿದರೆ ಅಂಟಿನ ಮೇಲೆ ಭಾರ ಕಮ್ಮಿ. ತುಂಬಿಸುವಾಗ ಜೊಲ್ಲು ತಾಗಿದರೆ ಅಂಟು ಕೆಡುತ್ತದೆ. ಡಾಕ್ಟರು ಬಾಯಿಗೆ ಹತ್ತಿಯಿಟ್ಟು ಒಣಗಿಸುವಾಗ ಅವಸರ ಮಾಡಬಾರದು, "ಲಗೂ ಮುಗಸ್ರಿ, ಬಸ್ ಹೋಗತೈತಿ" ಅನ್ನಬಾರದು. ಎಲ್ಲಕ್ಕೂ ಬಿಳಿ ಕಾಂಪೊಸಿಟ್ಟೇ ಬೇಕೆಂದಿಲ್ಲ. ತಾನೇ ಹಲ್ಲಿಗೆ ಹಿಡಿಯುವ, ಫ್ಲೋರೈಡ್ ಬಿಡುವ ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟೂ ಇದೆ. ನಮ್ಮ ಹಲ್ಲಿಗೆ ಯಾವುದು ತಕ್ಕದ್ದೆಂದು ಕೇಳಬಹುದು. ಏನು ತುಂಬಿದರು, ಯಾವ ದಿನ ತುಂಬಿದರು ಎಂದು ಚೀಟಿಯಲ್ಲಿ ಬರೆಸಿಕೊಳ್ಳಬಹುದು. ಔಷಧಿ ಹೊಡೆದ ದಿನ ಬರೆದಿಡುವವರಿಗೆ ಇದು ಹೊರೆಯಲ್ಲ.

ಕೊನೆಗೆ ಓದುಗರಿಗೆ ಒಂದು ಕೋರಿಕೆ. ನಿಮ್ಮ ಬಾಯಲ್ಲಿ ತುಂಬಿಸಿದ ಹಲ್ಲು ಎಷ್ಟು ವರ್ಷ ನಿಂತಿದೆ? ಬೆಳ್ಳಿಯದೋ ಬಿಳಿಯದೋ? ಬಿದ್ದಿದ್ದರೆ ಎಷ್ಟನೆಯ ವರ್ಷ? ಉಳ್ಳಾಗಡ್ಡಿಯ ಇಳುವರಿ, ರೇಟ್ ಬರೆದು ಕಳಿಸುವ ಹಾಗೆ ಇದನ್ನೂ ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿರಿ. ನೂರು ಮಂದಿಯ ಲೆಕ್ಕ ಕೂಡಿದರೆ, ಕಾಲೇಜಿನ ಬಾಗಿಲಿಗೆ ಹೋಗಿ ಮಾತಾಡಲು ನಮ್ಮ ಕೈಯಲ್ಲೂ ಒಂದು ಕಾಗದ ಇರುತ್ತದೆ.